ಬೀಗರ ಬಾಯಿಗೆ ಸಕ್ಕರೆ

"ಬಾಯಿ ತಗೀರಿ ಬೀಗರ, ಒಂದ ಚಿಟಿಕಿ ಸಕ್ರಿಗೆ ಯಾಕ ಹಿಂಗ ಹಿಂದಕ ಸರೀತೀರಿ?"

ಗುಡಗೇರಿಯ ಹನಮಂತಪ್ಪ ಸಕ್ಕರೆ ಹಿಡಿದ ಕೈಯನ್ನು ಮುಂದೆ ಚಾಚಿಯೇ ಕೇಳಿದ. ಎದುರಿಗೆ ಜಮಖಾನದ ಮೇಲೆ ಕುಳಿತಿದ್ದ ದುಮ್ಮವಾಡದ ಸಿದ್ದರಾಮ ತುಟಿ ಬಿಗಿದು ಅಂಗೈ ಅಡ್ಡ ಹಿಡಿದಿದ್ದ.

ಹನಮಂತಪ್ಪನ ಮಗಳು ಸವಿತಾಳನ್ನು ಸಿದ್ದರಾಮನ ಮಗ ಬೀರಲಿಂಗನಿಗೆ ಕೊಡುವ ಮಾತು ಆಗಷ್ಟೇ ಮುಗಿದಿತ್ತು. ಮಾತು ಮುಗಿದರೆ ಸಾಲದಲ್ಲ, ಎರಡೂ ಕಡೆಯ ಹಿರಿಯರು ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕಬೇಕು. ಆಗಲೇ ನಂಟು ಗಟ್ಟಿ. ಸಕ್ಕರೆ ಬೇಡವೆಂದರೆ ಹುಡುಗಿಯೂ ಬೇಡವೆಂದೇ ಲೆಕ್ಕ. ಸವಿತಾಳ ಹಿಂದಿನ ಸಂಬಂಧವೂ ಹೀಗೆಯೇ ಕೊನೆಗಳಿಗೆಯಲ್ಲಿ ಮುರಿದುಹೋಗಿತ್ತು. ಹುಡುಗಿಗೂ ಬೀರಲಿಂಗ ಒಪ್ಪಿಗೆಯಾಗಿದ್ದ. ಈಗ ಅವಳು ಅಡುಗೆಮನೆಯ ಬಾಗಿಲ ಹಿಂದೆ ಕಿವಿಗೊಟ್ಟು ನಿಂತಿದ್ದಳು.

ಅವಳ ತಾಯಿ ಮೈಲಾರವ್ವನಿಗೆ ತಡೆಯಲಾಗಲಿಲ್ಲ. "ಈಗ ತಾನ ಹ್ಞೂಂ ಅಂದ್ರಿ. ನಮ್ಮ ಹುಡುಗ್ಯಾಗ ಏನ ಕೊರತಿ ಕಂಡ್ರಿ ಅಣ್ಣಾರ?"

"ಹುಡುಗ್ಯಾಗ ಏನಿಲ್ಲವಾ, ಕೊರತಿ ನನ್ನ ರಕ್ತದಾಗ ಐತಿ!" ಸಿದ್ದರಾಮ ನಾಚಿಕೊಂಡೇ ಬಾಯಿಬಿಟ್ಟ. "ಡಾಕ್ಟರ ಸಕ್ರಿ ಮುಟ್ಟಬ್ಯಾಡ ಅಂದಾರ. ಇದ ಬ್ಯಾನ್ಯಾಗ ನಮ್ಮಣ್ಣನ ಕಾಲಬೆರಳ ತಗದಾರ. ನನಗ ಅಂಜಿಕಿ."

"ಅಯ್ಯ, ಇಷ್ಟೇನ! ಎದಿ ಒಡಸಿದ್ರಲ್ಲ." ಮೈಲಾರವ್ವ ಒಳಗೆ ಹೊರಟಳು. "ಬೆಲ್ಲ ತರ್ತೇನಿ ತಡೀರಿ."

ಸಿದ್ದರಾಮನ ಮುಖ ಅರಳಿತು. "ಬೆಲ್ಲ ನಡೀತೈತಿ ನೋಡ್ರಿ! ಸಕ್ರಿ ಬಿಟ್ಟಾಗಿಂದ ನಂದು ಬರೇ ಬೆಲ್ಲದ ಚಹಾ. ಬೇಕಾದಷ್ಟ ಕುಡೀತೇನಿ. ಆದ್ರೂ ರಕ್ತದಾಗಿನ ಈ ಹಾಳಾದ ಸಕ್ರಿ ಇಳಿವಲ್ದು." ಹೇಳುತ್ತಲೇ ಆ ಮನೆಯವರು ಎಲ್ಲರಿಗೂ ಕೊಟ್ಟಿದ್ದ ಬೆಲ್ಲದ ಚಹಾದ ಲೋಟದಲ್ಲಿ ಒಂದು ಬಿಸ್ಕೀಟು ಅದ್ದಿದ.

ಪಕ್ಕದ ಮನೆಯ ಸುಮಂಗಲಾ ಊರಿನ ಆಶಾ ಕಾರ್ಯಕರ್ತೆ. ಮೈಲಾರವ್ವನಿಗೆ ನೆರವಾಗಲು ಬಂದವಳು ಬಾಯಿ ಹಾಕಿದಳು. "ಇಳೀಬೇಕಂದ್ರ ಹೆಂಗ ಇಳೀತೈತ್ರಿ ಕಾಕಾ? ಬೆಲ್ಲೇನ ಬ್ಯಾರೆ ಕುಲದ್ದೇನ್ರಿ? ಎರಡೂ ಕಬ್ಬಿನಾಗಿಂದ ಬಂದದ್ದು. ರಕ್ತಕ್ಕ ಹೋದ್ರ ಎರಡೂ ಒಂದ."

"ಏ, ಏನ ಮಾತಾಡ್ತಿ!" ಹನಮಂತಪ್ಪ ಸಿಡಿದ. "ಬಾಣಂತಿಗೆ ಬೆಲ್ಲಾ, ಎತ್ತಿಗೆ ಬೆಲ್ಲಾ, ಮನಿಗೆ ಬಂದವರಿಗೆ ನೀರಿನ ಜೋಡಿ ಬೆಲ್ಲಾ. ಅದು ಔಷಧ ಇದ್ದಂಗ."

"ಒಂದ ಚೂರು ತಿಂದ್ರ ಏನಾಗೂದಿಲ್ಲ. ಹೊತ್ತ ಹೊತ್ತಿಗೆ ಲೋಟ ಲೋಟ ಕುಡದ್ರ ಆಗ್ತೈತಿ. ಮ್ಯಾಲೆ ಈ ಬಿಸ್ಕೀಟ ಬ್ಯಾರೆ."

ಸಿದ್ದರಾಮನ ಕೈಯಲ್ಲಿದ್ದ ಬಿಸ್ಕೀಟು ಮೆತ್ತಗಾಗಿ ಲೋಟದೊಳಗೆ ಬಿತ್ತು. "ಬಿಸ್ಕೀಟಿನಾಗೂ ಸಕ್ರಿ ಐತೇನ? ಮತ್ತ ಬಾಳಿಹಣ್ಣು?"

"ಹಣ್ಣಿನಾಗ ನಾರೂ ಇರ್ತೈತಿ, ಅಳತಿಲೆ ತಿನ್ರಿ. ನಾ ಹೇಳೂದು ನಾವು ಮ್ಯಾಲಿಂದ ಸುರಕೋತೀವಲ್ಲ, ಅದನ್ನ."

"ರೊಟ್ಟಿ?"

"ರೊಟ್ಟಿನೂ ಹೊಟ್ಯಾಗ ಸಕ್ರಿನ ಆಗ್ತೈತಿ, ಆದ್ರ..."

"ಸಾಕ ಬಿಡ ತಂಗಿ! ರೊಟ್ಟಿನೂ ಸಕ್ರಿ ಆತಂದ್ರ ನಾ ಕಲ್ಲ ತಿನ್ಲೇನು?"

"ರೊಟ್ಟಿ ಬಿಡಬ್ಯಾಡ್ರಿ. ಜೋಡಿ ಬ್ಯಾಳಿ, ಸೊಪ್ಪಿನ ಪಲ್ಯಾ, ಸೌತಿಕಾಯಿ ಇರಲಿ. ರೊಟ್ಟಿ ಸ್ವಲ್ಪ ಕಡಿಮಿ ಆಗಲಿ."

"ಸ್ವಲ್ಪ ಅಂದ್ರ ಎಷ್ಟವಾ?"

ಸುಮಂಗಲಾ ತಲೆ ಕೆರೆದುಕೊಂಡಳು. "ಅದನ್ನ ಡಾಕ್ಟರನ್ನ ಕೇಳ್ರಿ. ನನಗ ಕಲಿಸಿದ್ದು ಇಷ್ಟ."

ಸಿದ್ದರಾಮ ಒಮ್ಮೆ ಲೋಟದ ಕಡೆ, ಒಮ್ಮೆ ಹನಮಂತಪ್ಪನ ಮುಷ್ಟಿಯ ಕಡೆ ನೋಡಿದ. "ಅಂದ್ರ ಬಿಡಬೇಕಾದ್ದನ್ನ ದಿನಾ ಕುಡದೇನಿ. ತಗೋಬೇಕಾದ್ದಕ್ಕ ಇವತ್ತ ಬಾಯಿ ಮುಚ್ಚೇನಿ. ಹಂಗೇನ?"

"ಹಂಗ ನೋಡ್ರಿ. ಆ ಚಿಟಿಕಿಗೆ ಏನಾಗೂದಿಲ್ಲ. ಚಹಾ ಬಿಡ್ರಿ."

"ಬೆಲ್ಲ ಸಕ್ರಿ ಅಂತ, ರೊಟ್ಟಿ ಸಕ್ರಿ ಅಂತ, ಸಕ್ರಿ ಮಾತ್ರ ನಡೀತೈತಂತ!" ಹನಮಂತಪ್ಪ ಸೋತು ಹೋದ. "ನನಗಂತೂ ಒಂದೂ ತಿಳೀವಲ್ದು. ಕೈ ಬೆವತು ಅಂಟಾಗಾಕತ್ತೈತಿ. ನಮ್ಮ ಸವಿತಾ ನಿಮ್ಮ ಮನಿ ಸೊಸಿ ಹೌದೋ ಅಲ್ಲೋ, ಅಷ್ಟ ಹೇಳ್ರಿ ಬೀಗರ."

"ಹೌದ್ರಿ, ಹೌದು. ಆದ್ರ ಅರ್ಧಾ ಚಿಟಿಕಿ ಹಾಕ್ರಿ."

ಕಹಿ ಔಷಧಕ್ಕೆ ಕುಳಿತ ಕೂಸಿನಂತೆ ಸಿದ್ದರಾಮ ಕಣ್ಣು ಮುಚ್ಚಿ ಬಾಯಿ ತೆರೆದ. ಹನಮಂತಪ್ಪ ಅಂಟಿದ ಕೈ ಕೊಡವಿದಾಗ ಒಂದಿಷ್ಟು ಬಾಯಿಗೆ, ಒಂದಿಷ್ಟು ಮೀಸೆಗೆ, ಉಳಿದದ್ದು ಜಮಖಾನಕ್ಕೆ ಬಿತ್ತು. ಆಮೇಲೆ ಸಿದ್ದರಾಮನೂ ಅವನ ಬಾಯಿಗೆ ಹಾಕಿದ. ಅಷ್ಟಾದ ಮೇಲೆ ರೂಢಿಯಂತೆ ಸಿದ್ದರಾಮನ ಕೈ ಚಹಾದ ಲೋಟ ಹುಡುಕುತ್ತ ಹೋಯಿತು. ಬರಿಯ ಜಮಖಾನ ಸಿಕ್ಕಿತು. ಲೋಟ, ಬಿಸ್ಕೀಟಿನ ತಾಟು ಎರಡನ್ನೂ ಎತ್ತಿಕೊಂಡು ಸವಿತಾ ಆಗಲೇ ಅಡುಗೆಮನೆಯ ಹೊಸ್ತಿಲು ದಾಟುತ್ತಿದ್ದಳು.