ತಿರುವಿನ ಗೋಡೆ

"ಬಲಕ್ಕೆ, ಇನ್ನೂ ಸ್ವಲ್ಪ ಬಲಕ್ಕೆ," ಎಂದ ಗಾರೆಯವ. ಶವಪೆಟ್ಟಿಗೆಯ ಮೂಲೆ ಗೋಡೆಗೆ ಉಜ್ಜಿ ನಿಂತಿತು. ಆಮೇಲೆ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

ಸೈನ್ಯದಿಂದ ಬಂದ ವರ್ಷವೇ ಅಪ್ಪ ಮುಂಬಾಗಿಲಿಗೆ ಎದುರಾಗಿ, ಮನೆಯೊಳಗೆ, ಸೂರು ಮುಟ್ಟುವ ಗೋಡೆ ಕಟ್ಟಿದ್ದ. ಬೀದಿಯಿಂದ ಯಾರೂ ನೇರ ನುಗ್ಗಬಾರದು, ನೇರ ನೋಡಲೂಬಾರದು. ಒಳಗೆ ಬರುವವರು ಗೋಡೆ ಸವರಿಕೊಂಡು ಎರಡು ಸಲ ತಿರುಗಬೇಕು. ಹಿತ್ತಲ ಬಾಗಿಲನ್ನೂ ಇಟ್ಟಿಗೆಯಿಟ್ಟು ಮುಚ್ಚಿಬಿಟ್ಟಿದ್ದ. ತಾನೂ ಒಂದು ದಿನ ಮಲಗಿಕೊಂಡೇ ಹೊರಗೆ ಹೋಗಬೇಕಾದೀತು ಎಂಬುದೊಂದು ಅವನಿಗೆ ಹೊಳೆದಿರಲಿಲ್ಲ.

"ಖಾಲಿ ಪೆಟ್ಟಿಗೆ ನಿಲ್ಲಿಸ್ಕೊಂಡು ತಂದ್ವಲ್ಲ, ಹಾಗೇ ನಿಲ್ಲಿಸ್ಕೊಂಡು ಹೋಗೋಣ," ಎಂದ ಪಕ್ಕದ ಮನೆಯ ದರ್ಜಿ.

"ಜೀವಮಾನವೆಲ್ಲ ನಿಂತು ಕಾವಲು ಕಾದಿದಾನೆ ಕಣಪ್ಪ. ಇವತ್ತಾದ್ರೂ ಮಲಗಲಿ ಬಿಡು," ಎಂದರು ಊರುಗೋಲಿನ ಮಾವ. ಅಪ್ಪನ ಜೊತೆ ಒಂದೇ ಪಡೆಯಲ್ಲಿದ್ದವರು. ಒಂದು ಕಾಲು ಅಲ್ಲೇ ಉಳಿದಿತ್ತು.

ಗಾರೆಯವ ಸತ್ತವನ ಮಗಳ ಕಡೆ ತಿರುಗಿದ. "ಗೋಡೆ ಒಡೀಬೇಕಾಗುತ್ತೆ ಅಕ್ಕ. ಒಡೀಲಾ?"

ಅವಳು ಗೋಡೆಯ ಮೇಲೆ ಕೈಯಿಟ್ಟಳು. ಇನ್ನು ಮೇಲೆ ಈ ಮನೆಯಲ್ಲಿ ಅವಳೂ ಅವಳ ಮಗಳು ಪುಟ್ಟಿಯೂ ಇಬ್ಬರೇ.

*

"ಯಾರಾದ್ರೂ ಬಂದ್ರೆ ಎಲ್ಲಿ ನಿಲ್ತೀಯ?" ಅವಳು ಪುಟ್ಟಿಯಷ್ಟಿದ್ದಾಗ ಅಪ್ಪ ಒಂದು ದಿನ ಕೇಳಿದ್ದ.

"ಗೋಡೆ ಹಿಂದೆ."

"ಮಾತು?"

"ಆಡಲ್ಲ. ಯಾರು ಬರ್ತಾರೆ ಅಪ್ಪ?"

"ಬರ್ತಾರೆ."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಅಪ್ಪ ಅವಳ ಬಾಯಿ ಮುಚ್ಚಿ ಹಿಡಿದ. ಹಾಲಿನವಳು ಎರಡು ಸಲ ಕೂಗಿ, ಗೊಣಗಿಕೊಂಡು ಹೊರಟುಹೋದ ಮೇಲೂ ಅವನು ಕೈ ತೆಗೆಯಲಿಲ್ಲ.

"ಯುದ್ಧ ನೋಡಿ ಬಂದವರು ಕಣೇ," ಎನ್ನುತ್ತಿದ್ದಳು ಅಮ್ಮ. ಆ ಒಂದು ಮಾತನ್ನು ಹಿಡಿದುಕೊಂಡೇ ಮಗಳು ಅಪ್ಪನನ್ನು ಇಷ್ಟು ಕಾಲ ಕ್ಷಮಿಸುತ್ತ ಬಂದಿದ್ದಳು.

*

"ಯುದ್ಧ ಅವರನ್ನ ಹೀಗೆ ಮಾಡಿಬಿಡ್ತು. ಅಲ್ವಾ ಮಾವ?" ಗಾರೆಯವ ಕಾಯುತ್ತ ನಿಂತಿದ್ದಂತೆ ಅವಳು ಕೇಳಿದಳು.

ಮಾವ ಊರುಗೋಲನ್ನು ಗೋಡೆಗೆ ಒರಗಿಸಿದರು. "ಯುದ್ಧವಾ? ಪಾಪ, ಅದರ ಮೇಲೆ ಯಾಕೆ ಹಾಕ್ತೀಯ. ಸೈನ್ಯಕ್ಕೆ ಸೇರಿದ ದಿನ, ಇನ್ನೂ ಬಂದೂಕು ಮುಟ್ಟಿರಲಿಲ್ಲ, ಮಂಚ ಎಳೆದು ಬಾಗಿಲಿಗೆ ಅಡ್ಡ ಹಾಕ್ಕೊಂಡು ಮಲಗಿದ್ದ. ನಾವು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಯುದ್ಧದಲ್ಲಿ ಇಬ್ಬರೂ ಒಂದೇ ಗುಂಡಿಯಲ್ಲಿ ಕೂತಿದ್ವಿ. ಅವನಿಗೆ ಒಂದು ಗೀರೂ ಬೀಳಲಿಲ್ಲ. ಕಾಲು ಹೋಗಿದ್ದು ನಂದು. ನಾನು ಇವತ್ತಿಗೂ ಬಾಗಿಲು ತೆಗೆದೇ ಮಲಗ್ತೀನಿ."

"ಹಾಗಾದ್ರೆ ಆ ಭಯ ಎಲ್ಲಿಂದ ಬಂತು?"

"ಬರೋವಾಗಲೇ ಮನೆಯಿಂದ ತಂದಿದ್ದ, ಚಡ್ಡಿ ಬನಿಯನ್ ಜೊತೆ. ಪ್ರಪಂಚ ಅವನ ಕಣ್ಣಿಗೆ ಹಾಗೆ ಕಾಣೋದು, ನನಗೆ ಹೀಗೆ. ಯುದ್ಧ ಏನು ಮಾಡೀತು, ಇಬ್ಬರಿಗೂ ನಿಂದೇ ಸರಿ ಅಂತು."

ಗಂಡನ ಮನೆಯಲ್ಲಿದ್ದಷ್ಟು ದಿನ, ನಿದ್ದೆಯಿಂದ ಎದ್ದೆದ್ದು ಚಿಲಕ ಮುಟ್ಟಿ ನೋಡುತ್ತಿದ್ದವಳು ಅವಳು. ಅವಳಂತೂ ಯಾವ ಯುದ್ಧಕ್ಕೂ ಹೋದವಳಲ್ಲ. ಸೆರಗು ಹಿಡಿದು ನಿಂತಿದ್ದ ಪುಟ್ಟಿಯನ್ನು ನೋಡಿದಳು.

"ಒಡಿ," ಎಂದಳು ಗಾರೆಯವನಿಗೆ. "ಪೂರ್ತಿ ಒಡಿ. ಒಂದು ಇಟ್ಟಿಗೆಯನ್ನೂ ಬಿಡಬೇಡ."

ಧೂಳು ಇಳಿದಾಗ ಬೀದಿಯ ಬೆಳಕು ಅಡುಗೆಮನೆಯವರೆಗೂ ಬಂದು ಬಿದ್ದಿತ್ತು. ಪೆಟ್ಟಿಗೆ ಎಲ್ಲಿಯೂ ತಿರುಗದೆ ಹೊರಗೆ ಹೋಯಿತು.

*

ಮಣ್ಣು ಮಾಡಿ ಬಂದು, ಎಲ್ಲರೂ ಹೊರಟ ಮೇಲೂ ಅವಳು ಬಾಗಿಲು ಹಾಕಲಿಲ್ಲ. ಕತ್ತಲಾಗುವವರೆಗೆ ಹಾಕುವುದಿಲ್ಲ ಎಂದು ಹಟ ಹಿಡಿದು ಕುಳಿತಳು.

ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ತಿರುಗಿ ಒಳಗೆ ನೋಡಿದ. ಬರೀ ನೋಡಿದ, ಹೋದ.

ಅವಳು ಎದ್ದಳು. ಕಾಲಿಗೆ ಸಿಗದಿರಲಿ ಎಂದು ಇಟ್ಟಿಗೆಗಳನ್ನು ಒಂದು ಕಡೆಗೆ ಸರಿಸತೊಡಗಿದಳು. ಸೊಂಟ ನೋಯುವವರೆಗೂ ತಲೆಯೆತ್ತಲಿಲ್ಲ. ಎತ್ತಿದಾಗ ಇಟ್ಟಿಗೆಗಳು ಬಾಗಿಲಿಗೆ ಎದುರಾಗಿ, ನೆಟ್ಟಗೆ, ಎರಡು ಸಾಲು ಕೂತಿದ್ದವು.

ಮೂರನೆಯ ಸಾಲು ಶುರುವಾಗಿತ್ತು. ಅದು ಅವಳ ಕೆಲಸವಲ್ಲ. ಪುಟ್ಟಿ ಎರಡೂ ಕೈಯಲ್ಲಿ ಒಂದು ಇಟ್ಟಿಗೆಯನ್ನು ಹೊತ್ತು ತಂದು, ಕೆಳಗಿನೆರಡರ ಸಂದಿ ಮುಚ್ಚುವ ಹಾಗೆ ಕೂರಿಸಿದಳು. ಆಮೇಲೆ ಅದರ ಹಿಂದೆ ಕುಕ್ಕರುಗಾಲಲ್ಲಿ ಕೂತು, ಬೀದಿ ಇನ್ನೂ ಕಾಣುತ್ತದೆಯೇ ಎಂದು ನೋಡಿದಳು. ಕಾಣುತ್ತಿತ್ತು. ಇನ್ನೊಂದು ತರಲು ಎದ್ದಳು.