ಬಲಗನ್ನಡಿಯಲ್ಲಿ ಒಂದು ಕೈ

ಬಲಗನ್ನಡಿಯಲ್ಲಿ ಕೈ, ಗಂಡ ನೆವಿಲ್‌ನ ಕೈ, ಮೊಣಕೈಗೆ ಮಡಿಸಿದ ಅಂಗಿತೋಳು, ಬಾ ಬಾ ಎನ್ನುತ್ತಿರುವ ನಾಲ್ಕು ಬೆರಳು — ಆ ಕೈಗೇನು, ಚೆನ್ನಾಗಿಯೇ ಇದೆ, ಕಣ್ಣಿದ್ದವನ ಕೈಯಂತೆಯೇ ಆಡುತ್ತಿದೆ, ನೋಡಿದವರು ಯಾರೂ ಅನುಮಾನ ಪಡಲಾರರು, ಮಗಳೂ ಪಡಬಾರದು, ನಾಳೆಯ ಊಟ ಒಂದು ದಾಟಿದರೆ ಸಾಕು, ಗ್ಲೆನಿಸ್ ರಿವರ್ಸ್ ಗೇರು ಹಾಕುತ್ತಾಳೆ, ಬೆನ್ನ ಹಿಂದೆ ಗಾಡಿಗೆ ಕಟ್ಟಿದ ಕ್ಯಾರವಾನ್, ಚಕ್ರದ ಮೇಲಿನ ಮನೆ, ಒಮ್ಮೆ ನರಳಿ ಕದಲುತ್ತದೆ, ಅದರೊಳಗೆ ಎಲ್ಲೋ ಲೋಟ ಉರುಳಿದ ಸದ್ದು, ಕಪಾಟಿನ ಚಿಲಕ ಬಿಟ್ಟುಹೋಗಿದೆ, ಬೆಳಗ್ಗೆ ಬ್ರೋಕನ್ ಹಿಲ್‌ನಲ್ಲಿ ಟೀ ಕುಡಿದು ಏಳುವಾಗ ಅವನೇ ಹೇಳಿದ್ದ, ಚಿಲಕ ನಾನು ಹಾಕಿದೀನಿ ಕಣೇ, ನೀನು ಹತ್ತು ಅಂತ, ಹಾಕಿರುತ್ತಾನೆ, ಕಪಾಟು ಇಲ್ಲದ ಕಡೆ ಹಾಕಿರುತ್ತಾನೆ. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಕ್ಯಾರವಾನ್ ಬಲಕ್ಕೆ ಹೋಗುತ್ತದೆ, ಬಲಕ್ಕೆ ತಿರುಗಿಸಿದರೆ ಎಡಕ್ಕೆ, ಈ ಉಲ್ಟಾ ಲೆಕ್ಕವನ್ನು ಎಪ್ಪತ್ತು ದಾಟಿದ ಮೇಲೆ ಕಲಿತದ್ದು, ಯಾವುದೋ ಊರಿನ ಖಾಲಿ ಬಿದ್ದ ಕುದುರೆಪಂದ್ಯದ ಮೈದಾನದಲ್ಲಿ, ಬೇಲಿಯ ಮೇಲೆ ಸಾಲಾಗಿ ಕೂತ ಗುಲಾಬಿ ಎದೆಯ ಗಿಣಿಗಳು ಬಿಟ್ಟರೆ ನಗುವವರಿರಲಿಲ್ಲ, ಇಲ್ಲಿ ಮಗಳ ಮನೆಯ ಹಿತ್ತಲಲ್ಲಿ, ಹುಲ್ಲಿನ ಮೇಲೆ, ಮಗಳು ಕೆರಿನ್, ಅಳಿಯ ಡೇಮಿಯನ್, ಮೊಮ್ಮಗಳು ಟಿಲ್ಲಿ ಸಾಲಾಗಿ ನಿಂತಿದ್ದಾರೆ, ಡೇಮಿಯನ್‌ನ ಕೈಯಲ್ಲಿ ಮಾಂಸ ಮಗುಚುವ ಇಕ್ಕಳ, ಹೊಗೆಯ ವಾಸನೆ ಆಗಲೇ ಕಿಟಕಿಯಿಂದ ಒಳಗೆ ಬಂದಿದೆ.

ಮೊದಲೆಲ್ಲ ಕೈ ಇವಳದು, ಸ್ಟೀರಿಂಗ್ ಅವನದು. ಜೀಲಾಂಗ್‌ನ ಮನೆ ಮಾರಿ ಚಕ್ರದ ಮೇಲೆ ಸಂಸಾರ ಹೂಡಿದಂದಿನಿಂದ ಪ್ರತಿ ಊರಿನ ತಂಗುದಾಣದಲ್ಲೂ ಇವಳೇ ಹಿಂದೆ ನಿಂತು ಕೈ ಆಡಿಸಬೇಕು, ಸಂಜೆಯಾದರೆ ಅಕ್ಕಪಕ್ಕದವರು ಕುರ್ಚಿ ಹಾಕಿಕೊಂಡು ಬಿಯರ್ ಹಿಡಿದು ಕೂತಿರುತ್ತಿದ್ದರು, ಹೊಸದಾಗಿ ಬಂದ ಗಂಡಹೆಂಡಿರು ಗಾಡಿ ಹಿಂದಕ್ಕೆ ತೆಗೆಯುವುದಕ್ಕಿಂತ ಒಳ್ಳೆಯ ನಾಟಕ ಇನ್ನಾವುದಿದೆ, ನಾಲ್ಕು ಬೆರಳು ಆಡಿಸಿದರೆ ಬಾ, ಅಂಗೈ ತೋರಿಸಿದರೆ ನಿಲ್ಲು, ಎರಡೂ ಕೈ ತಲೆಯ ಮೇಲಿಟ್ಟರೆ ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಮೊದಲಿಂದ ಶುರು ಮಾಡು — ಈ ಭಾಷೆ ಇವರಿಬ್ಬರನ್ನು ಬಿಟ್ಟರೆ ಇನ್ನಾರಿಗೂ ಬರುವುದಿಲ್ಲ. ಆಮೇಲೆ ಅವನ ಕಣ್ಣಿನ ನಡುವೆ ಒಂದು ಮಸುಕು ಕೂತಿತು, ಅಡಿಲೇಡ್‌ನ ಡಾಕ್ಟರು ಇದು ಹಿಂದಕ್ಕೆ ಹೋಗುವ ಕಾಯಿಲೆಯಲ್ಲ ಎಂದರು, ಮಸುಕು ಅಂಚಿನವರೆಗೆ ಹರಡಿತು, ಈಗ ಬೆಳಕಿದ್ದರೆ ಬೆಳಕು, ಕತ್ತಲಿದ್ದರೆ ಕತ್ತಲು, ಅಷ್ಟೆ, ಲೈಸೆನ್ಸನ್ನು ಅವನೇ ಹೋಗಿ ಕೊಟ್ಟು ಬಂದ, ಬಂದವನು ಗಾಡಿಯ ಎಡಬಾಗಿಲು ತೆಗೆದು ಕೂತು, ಕೆರಿನ್‌ಗೆ ಹೇಳ್ಬೇಡ ಗ್ಲೆನ್, ಹೇಳಿದ್ರೆ ಅವತ್ತಿಗೇ ಮುಗೀತು, ಇನ್ನೊಂದು ಸಲ ಪಶ್ಚಿಮದ ಕಡಲತನಕ ಹೋಗಿ ಬರೋಣ, ಆಮೇಲೆ ಏನು ಬೇಕಾದ್ರೂ ಹೇಳು ಎಂದ, ನೋಡೋದೇನಿದೆ ನಿಂಗೆ ಅಲ್ಲಿ ಎಂದು ಕೇಳಿಯೇಬಿಟ್ಟಳು, ಬಾಯಿ ತಪ್ಪಿ ಬಂತು, ಅವನು ನಕ್ಕ, ಕೇಳಿಸುತ್ತಲ್ಲೇ ಎಂದ.

ಹಾಗಾಗಿ ಮಂಡಿ. ಅಮ್ಮ ಯಾಕೆ ಓಡಿಸ್ತಿದಾಳೆ ಎಂದು ಕೆರಿನ್ ಫೋನಿನಲ್ಲಿ ಕೇಳಿದಾಗ ಅಪ್ಪನ ಮಂಡಿ ನೋವು ಅಂದರಾಯಿತು ಎಂದು ಇಬ್ಬರೂ ಮಾತಾಡಿಕೊಂಡಿದ್ದರು, ಯಾವ ಮಂಡಿ ಅಂತ ಮಾತಾಡಿಕೊಂಡಿರಲಿಲ್ಲ, ಎಡದ್ದು ಎಂದ ಅವನು, ಬಲದ್ದು ಎಂದಳು ಇವಳು, ಒಂದೇ ಉಸಿರಿಗೆ, ಅಯ್ಯೋ ಎರಡೂ ಹೋಯ್ತಾ ಅಪ್ಪಾ ಎಂದಳು ಕೆರಿನ್, ಹೋಯ್ತು ಮಗಳೇ ಎಂದ, ಅದಕ್ಕೇ ಈಗ ಗೇಟಿನ ಹತ್ತಿರ ಇಳಿದವನು ಎರಡೂ ಕಾಲು ಕುಂಟುತ್ತ ಬಾತುಕೋಳಿಯ ಹಾಗೆ ಬೇಲಿ ಹಿಡಿದುಕೊಂಡು ನಡೆದ, ನೀರಿನ ತೊಟ್ಟಿ ಕೈಗೆ ತಗುಲಿದ್ದೇ ತಿರುಗಿ ನಿಂತ, ಹೋದ ಸಲ ಇವಳು ನಿಂತ ಜಾಗದಲ್ಲೇ. ಕೈ ಎತ್ತಿದ. ಕೈ ಆಡಿಸುವ ಕೆಲಸ ನನ್ನದೇ ಎಂದು ಹಟ ಹಿಡಿದವನು, ಆ ಕೈಯನ್ನು ನೋಡಿಕೊಂಡು ಇವಳು ಓಡಿಸುವುದಿಲ್ಲ, ಎರಡು ಕನ್ನಡಿ ನೋಡಿಕೊಂಡು ತಾನೇ ತೆಗೆಯುತ್ತಾಳೆ, ನಿಲ್ಲಿಸಿದ ಮೇಲೆ ಇಳಿದು ಬಂದು ಸರಿಯಾಗಿ ತೋರಿಸಿದೆ ಕಣೋ ಎನ್ನುತ್ತಾಳೆ, ಅವನು ಹೌದಾ ಎನ್ನುತ್ತಾನೆ, ಮುಖ ಅರಳುತ್ತದೆ, ಮಗಳಿಗೆ ಹೇಳಿದ ಸುಳ್ಳಿಗಿಂತ ಈ ಸುಳ್ಳೇ ಇವಳನ್ನು ಹೆಚ್ಚು ಸುಡುತ್ತದೆ.

ಬಾ, ಬಾ. ಕಾರು ನಿಲ್ಲಿಸುವ ಚಪ್ಪರದ ಕಂಬ ದಾಟಿತು, ಎಡಕ್ಕೆ ಇಷ್ಟೇ ಇಷ್ಟು, ನಾಳೆಗೆ ಮದುವೆಯಾಗಿ ಐವತ್ತು ವರ್ಷ, ಅಮ್ಮಾ ಈ ಸಲ ಸರಿಯಾದ ದಿನಕ್ಕೇ ಬರ್ತೀರ ತಾನೆ ಎಂದು ಕೆರಿನ್ ಎಷ್ಟು ಸಲ ಕೇಳಿದಳು, ಕೇಳದೆ ಏನು, ಈ ಸಂಸಾರದಲ್ಲಿ ಹಬ್ಬ ತಾರೀಖು ನೋಡಿ ಬರುವುದಿಲ್ಲ, ಗಾಡಿ ಬಂದಾಗ ಬರುತ್ತದೆ, ಮಗಳ ನಲವತ್ತನೆಯ ಹುಟ್ಟುಹಬ್ಬಕ್ಕೆ ಮೇಣದಬತ್ತಿ ಹಚ್ಚಿದ್ದು ಚಳಿಗಾಲ ಕಳೆದ ಮೇಲೆ, ಕ್ರಿಸ್‌ಮಸ್‌ನ ಹಂದಿತೊಡೆ ಬೆಂದದ್ದು ಒಂದು ಜುಲೈನಲ್ಲಿ, ಟಿಲ್ಲಿ ಹುಟ್ಟಿದ ಸುದ್ದಿ ಬಂದಾಗ ಕುನುನರಾದ ಹೆದ್ದಾರಿ ಬದಿಯಲ್ಲಿ ಟಯರು ಬದಲಿಸುತ್ತಿದ್ದರು, ನೆವಿಲ್ ಜಾಕ್ ಹಿಡಿದುಕೊಂಡೇ ಅತ್ತಿದ್ದ, ಬಾ ಬಾ ಎನ್ನುತ್ತಿದೆ ಕೈ, ಅದರ ಹಿಂದೆ ಏನೋ ಕೆಂಪಗೆ, ಕನ್ನಡಿಯಲ್ಲಿ ಅದೇನದು, ಕೆಂಪು ಪಟ್ಟಿ, ಪಟ್ಟಿಯ ನಡುವೆ ಉಡುಗೊರೆಗೆ ಕಟ್ಟುವಂಥ ದೊಡ್ಡ ಗಂಟು, ಗಂಟಿನ ಹಿಂದೆ ಬಾಗಿಲು, ಬಾಗಿಲಿಗೊಂದು ಗೋಡೆ, ಬೇಲಿಯ ತಗಡಿನದೇ ಬಣ್ಣ, ಚಿನ್ನದ ಕಾಗದದಲ್ಲಿ ಕತ್ತರಿಸಿದ ಐವತ್ತು — ಕೋಣೆ ಕಟ್ಟಿಸಿದ್ದಾಳೆ. ಹಿತ್ತಲಲ್ಲಿ ಕೋಣೆ ಕಟ್ಟಿಸಿದ್ದಾಳೆ ಮಗಳು ನಮಗೆ, ಹೇಳದೆ. ಕಿಟಕಿಗೆ ಪರದೆ ಹಾಕಿದ್ದಾಳೆ. ಒಳಗೆ ಬಚ್ಚಲಿರುತ್ತದೆ, ಬಾಗಿಲು ಹಾಕಿಕೊಳ್ಳುವ ಬಚ್ಚಲು, ಕಾಲು ಚಾಚಿ ಕೂರುವ ಸ್ನಾನದ ತೊಟ್ಟಿಯೂ ಇದ್ದೀತು, ಬೇಕು, ಅಯ್ಯೋ ನನಗೆ ಬೇಕು ಎನಿಸಿಬಿಟ್ಟಿತು ಅವಳಿಗೆ, ಸುಸ್ತಾಗಿದೆ, ಈ ಉಲ್ಟಾ ಲೆಕ್ಕ ಸಾಕಾಗಿದೆ, ಹಾಗೆನಿಸಿದ್ದಕ್ಕೆ ನಾಚಿಕೆಯೂ ಆಯಿತು, ಪಶ್ಚಿಮದ ಕಡಲು ಇನ್ನೂ ಬಾಕಿ ಇದೆ, ಮಾತು ಕೊಟ್ಟಾಗಿದೆ, ಕಾಲು ಬ್ರೇಕಿನ ಮೇಲೆ, ಗೋಡೆಗೂ ಕ್ಯಾರವಾನಿಗೂ ನಡುವೆ ಒಂದು ಗೇಣು, ನಿಂತಳು.

ಕೈ ನಿಲ್ಲಲಿಲ್ಲ. ಎಂಜಿನ್ ಗುರುಗುಟ್ಟುತ್ತಿದೆ, ಕೈ ಬಾ ಎನ್ನುತ್ತಿದೆ. ಡೇಮಿಯನ್ ಇಕ್ಕಳ ಎತ್ತಿ ಕೂಗಿದ, ಮಾವಾ, ಇನ್ನೊಂದಡಿ ಬಿಟ್ರೆ ನಿಮ್ಮ ಮಂಚದ ಮೇಲೇ ನಿಲ್ಲುತ್ತೆ! ಎಲ್ಲರೂ ನಕ್ಕರು, ಅಪ್ಪನದು ಯಾವಾಗಲೂ ಇಂಥದೇ ತಮಾಷೆ, ಟಿಲ್ಲಿ ಕುಣಿದಳು, ನೆವಿಲ್ ಕೂಡ ನಕ್ಕ, ಏನೆಂದು ತಿಳಿಯದಿದ್ದರೂ ನಗು ಕೇಳಿಸಿದ ಕಡೆ ನಗುವುದನ್ನು ಅವನು ಚೆನ್ನಾಗಿ ಕಲಿತಿದ್ದಾನೆ, ದೇವರೇ ಇಷ್ಟಕ್ಕೆ ಸಾಕು, ತಮಾಷೆ ಎಂದುಕೊಳ್ಳಲಿ, ಈಗಲೇ ಇಳಿದು ಹೋಗಿ ಅವನ ತೋಳು ಹಿಡಿದರೆ ದಾಟಿಬಿಡಬಹುದು, ಎಡಗೈ ಹ್ಯಾಂಡ್‌ಬ್ರೇಕಿಗೆ ಹೋಯಿತು, ಆಗ ಅವನು ನಗು ನಿಲ್ಲಿಸಿ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ, ಯಾಕೇ ನಿಲ್ಲಿಸಿದೆ ಗ್ಲೆನ್, ಹೆದರ್ಕೋಬೇಡ ಬಾರೇ, ನಿಂಬೆಮರದ ತನಕ ಬೇಕಾದಷ್ಟು ಜಾಗ ಇದೆ ಎಂದ. ನಿಂಬೆಮರ. ಅದನ್ನು ಕಡಿದು ಹಾಕಿದ ಜಾಗದಲ್ಲೇ ಕೋಣೆ ಎದ್ದು ನಿಂತಿದೆ. ಡೇಮಿಯನ್‌ನ ಇಕ್ಕಳ ಕೆಳಗಿಳಿಯಿತು, ಅಜ್ಜಾ, ನಿಂಬೆಮರ ಈಗೆಲ್ಲಿದೆ ಎಂದ ಟಿಲ್ಲಿಯ ಭುಜವನ್ನು ಯಾರೋ ಅದುಮಿದರು, ಕೆರಿನ್ ಕೋಣೆಯನ್ನು ನೋಡುತ್ತಿಲ್ಲ, ಗಾಡಿಯನ್ನು ನೋಡುತ್ತಿಲ್ಲ, ಅಪ್ಪನ ಮುಖವನ್ನೇ ನೋಡುತ್ತಿದ್ದಾಳೆ, ಬಾಯಿಗೆ ಕೈ ಅಡ್ಡ ಬಂದಿದೆ, ಸದ್ದಡಗಿದ್ದು ಅವನಿಗೂ ಕೇಳಿಸಿತೇನೋ, ತಲೆ ಸ್ವಲ್ಪ ಓರೆಯಾಯಿತು, ಗ್ಲೆನಿಸ್ ಇಳಿಯಬೇಕು, ಎಂಜಿನ್ ಆರಿಸಬೇಕು, ಆರಿಸಿದರೆ ಮುಗಿಯಿತು, ಸರಿಯಾಗಿ ತೋರಿಸಿದೆ ಕಣೋ ಎನ್ನಬೇಕು, ಹೇಗೆ ಎನ್ನುವುದು, ಕೀಲಿಯ ಮೇಲೆ ಬೆರಳು ಹಾಗೇ ಇದೆ, ಬಲಗನ್ನಡಿಯ ತುಂಬ ಅವನ ಕೈ, ಕೆಂಪು ಪಟ್ಟಿಯ ಮುಂದೆ ಆ ನಾಲ್ಕು ಬೆರಳು, ಜೀವಮಾನದಲ್ಲಿ ಮೊದಲ ಸಲ ನೋಡುವವಳಂತೆ ಅದನ್ನೇ ನೋಡುತ್ತಿದ್ದಾಳೆ, ಬಾ ಎನ್ನುತ್ತಿದೆ, ಬಾ, ಬಾ