ಗೇರುವಿಗೆ ತನು ಎರೆದದ್ದು

ಹಾವಿಗೆ ಗೇರು ಎಂದು ಹೆಸರಿಟ್ಟವಳು ನನ್ನ ಮಗಳು ನಿಖಿತಾ. ಚೆನ್ನಾಗಿ ಹಣ್ಣಾದ ಗೇರುಹಣ್ಣಿನ ಬಣ್ಣ ಅದಕ್ಕೆ, ಹಳದಿಗೂ ಕೆಂಪಿಗೂ ನಡುವಿನದು. ಎರಡು ಮೊಳ ಉದ್ದ, ನನ್ನ ಹೆಬ್ಬೆರಳಿನಷ್ಟು ದಪ್ಪ.

ಅದು ದುಬೈಯ ಅಲ್ ಕುಸೈಸಿನ ನಮ್ಮ ಫ್ಲ್ಯಾಟಿಗೆ ಬಂದದ್ದು ಎರಡು ಸಾವಿರದ ಮೂರರ ಜೂನಿನಲ್ಲಿ. ಎದುರು ಫ್ಲ್ಯಾಟಿನ ಮಾರ್ಟಿನಾ ವೀಸಾ ಕ್ಯಾನ್ಸಲ್ ಮಾಡಿಸಿ ಕಾರ್ಕಳಕ್ಕೆ ಹೊರಟಿದ್ದಳು. ಸೋಫಾ, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಎಲ್ಲ ಯಾರು ಯಾರಿಗೋ ಹೋಯಿತು. ಹಾವಿನ ಗಾಜಿನ ಪೆಟ್ಟಿಗೆಯನ್ನು ಮಾತ್ರ ಅವಳು ತಾನೇ ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದಳು.

"ಚಂದ್ರಮತಿಯಕ್ಕ, ಇದಕ್ಕೆ ವಿಷ ಇಲ್ಲ. ನಿಖಿತಾಳಿಗೆ ಎಲ್ಲ ಗೊತ್ತುಂಟು, ಎರಡು ವರ್ಷದಿಂದ ನನ್ನ ಜೊತೆ ಅವಳೂ ನೋಡಿಕೊಂಡಿದ್ದಾಳೆ. ನೀವು ಮುಟ್ಟಬೇಕಂತಲೇ ಇಲ್ಲ."

"ಮುಟ್ಟುವ ಪ್ರಶ್ನೆಯೇ ಇಲ್ಲ" ಎಂದೆ ನಾನು.

ಬೇಡವೆನ್ನಲು ಬಾಯಿ ಬರಲಿಲ್ಲ. ನಿಖಿತಾಳಿಗೆ ಆಗ ಹದಿಮೂರು. ಯಾರೊಂದಿಗೂ ಹೆಚ್ಚು ಮಾತಿಲ್ಲದ ಹುಡುಗಿ, ಮಾರ್ಟಿನಾಳ ಮನೆಯಲ್ಲಿ ಆ ಪೆಟ್ಟಿಗೆಯ ಮುಂದೆ ಕೂತರೆ ಮಾತ್ರ ಅವಳ ಬಾಯಿ ತೆರೆಯುತ್ತಿತ್ತು. ಅವಳ ಪಪ್ಪ ಮೋಹನದಾಸರು ತಕ್ಷಣ ಒಪ್ಪಿದರು. ಗೇರುವಿನ ಊಟ, ಅಂದರೆ ಅಂಗಡಿಯಿಂದ ತಂದ ಹಿಮಗಟ್ಟಿದ ಸಣ್ಣ ಇಲಿಗಳು, ನಮ್ಮ ಫ್ರೀಜರಿನಲ್ಲಿ ಬಂಗುಡೆ ಮೀನಿನ ಪಕ್ಕ ಸೇರಿದ ದಿನ ಅವರು ಹೇಳಿದ್ದು ಇಷ್ಟೇ: "ನೋಡಿ ತೆಗಿ ಮಾರಾಯ್ತಿ. ಪುಳಿಮುಂಚಿಗೆ ಇಲಿ ಬೀಳುವುದು ಬೇಡ."

ಮೀನಿನ ಆ ಹುಳಿಖಾರದ ಮಸಾಲೆ ಹಾಕಿದ ಮೇಲೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಆದರೂ ನಾನು ಇಲಿಗಳನ್ನು ಐಸ್‌ಕ್ರೀಮಿನ ಖಾಲಿ ಡಬ್ಬಿಗೆ ಹಾಕಿ ಬೇರೆ ಇಟ್ಟೆ.

ಆಗಸ್ಟಿನಲ್ಲಿ ನಾಗರಪಂಚಮಿ ಬಂತು. ಹಿಂದಿನ ದಿನ ಉಡುಪಿಯಿಂದ ಅತ್ತೆಯ ಫೋನು.

"ನಾಗಬನಕ್ಕೆ ಬರಲಿಕ್ಕೆ ನಿನಗಾಗುವುದಿಲ್ಲ, ಗೊತ್ತುಂಟು. ಆದರೆ ಈ ಸಲ ನಾಗನೇ ನಿನ್ನ ಮನೆಗೆ ಬಂದು ಕೂತಿದ್ದಾನಲ್ಲ. ಸುಮ್ಮನೆ ಬಿಡುತ್ತೀಯಾ?"

"ಅದು ನಾಗರಹಾವಲ್ಲ ಅತ್ತೆ. ಅಮೆರಿಕದ್ದಂತೆ."

"ಎಲ್ಲಿಯದ್ದಾದರೆ ಏನು? ಹರಕೆ ಹೇಳಿದವಳು ನೀನು."

ಹೌದು, ಹರಕೆ ನನ್ನದೇ. ಮದುವೆಯಾಗಿ ಏಳು ವರ್ಷ ಮಕ್ಕಳಾಗಿರಲಿಲ್ಲ. ನಮ್ಮ ಕುಟುಂಬದ ನಾಗಬನದಲ್ಲಿ ನಿಂತು, ಒಂದು ಮಗುವಾದರೆ ಪ್ರತಿ ಪಂಚಮಿಗೂ ನನ್ನ ಕೈಯಾರೆ ತನು ಎರೆಯುತ್ತೇನೆ ಎಂದು ಬೇಡಿಕೊಂಡಿದ್ದೆ. ನಾಗನ ಕಲ್ಲಿಗೆ ಹಾಲು, ಎಳನೀರು ಎರೆದು ಅರಸಿನ ಹಚ್ಚುವುದಕ್ಕೆ ನಮ್ಮಲ್ಲಿ ತನು ಎರೆಯುವುದು ಎನ್ನುತ್ತಾರೆ. ಮರುವರ್ಷ ನಿಖಿತಾ ಹುಟ್ಟಿದಳು. ದುಬೈಗೆ ಬಂದ ಮೇಲೆ ನನ್ನ ಪಾಲಿನದನ್ನು ಮೈದುನನೇ ಎರೆಯುತ್ತಿದ್ದ. ಕೈಯಾರೆ ಎಂದಿದ್ದೆನಲ್ಲ, ಆ ಮಾತು ಪ್ರತಿ ವರ್ಷ ಮುಳ್ಳಿನಂತೆ ಚುಚ್ಚುತ್ತಿತ್ತು.

ಪಂಚಮಿಯ ಬೆಳಿಗ್ಗೆ ಇವರು ಡ್ಯೂಟಿಗೆ ಹೋದರು. ರಜೆಯಾದ್ದರಿಂದ ನಿಖಿತಾ ಕೆಳಗಿನ ಮಹಡಿಯ ಗೆಳತಿಯ ಮನೆಗೆ ಹೋಗಿದ್ದಳು. ಮಿಂದು, ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು, ಗಾಜಿನ ಪೆಟ್ಟಿಗೆಯ ಮುಂದೆ ನಿಂತೆ. ಮುಚ್ಚಳ ತೆಗೆಯುವ ಧೈರ್ಯವಿರಲಿಲ್ಲ. ಅದು ಹೇಗೂ ತಂತಿಬಲೆಯ ಮುಚ್ಚಳ. ಕೈಮುಗಿದು ಮೇಲಿನಿಂದಲೇ ಒಂದು ಚೆಂಬು ಹಾಲೆರೆದೆ. ಆಮೇಲೆ ಎಳನೀರು. ಆಮೇಲೆ ಅರಸಿನ ಕದಡಿದ ನೀರು. ಗೇರು ಬಲ್ಬಿನ ಕೆಳಗೆ ಬೆಚ್ಚಗೆ ಮಲಗಿತ್ತು, ಎಲ್ಲ ಅದರ ತಲೆಯ ಮೇಲೆಯೇ ಬಿತ್ತು. ಒಮ್ಮೆ ಮೈ ಸೆಟೆಸಿ ಮೂಲೆಗೆ ಸರಿಯಿತು. ಹದಿಮೂರು ವರ್ಷದ ಭಾರ ಇಳಿದಂತಾಗಿ ನನಗೆ ಕಣ್ಣು ತುಂಬಿ ಬಂತು.

ಕಣ್ಣೊರೆಸಿಕೊಂಡು ನೋಡಿದರೆ ಪೆಟ್ಟಿಗೆಯೊಳಗೆ ಹಾಸಿದ್ದ ಮರದ ಹೊಟ್ಟೆಲ್ಲ ಪಾಯಸದಂತಾಗಿತ್ತು. ಮಗಳು ಬರುವುದರೊಳಗೆ ಒಣಗಬೇಕು. ಎಸಿಯನ್ನು ಪೂರ್ತಿ ಏರಿಸಿ ಅದರ ಗಾಳಿ ನೇರ ಬೀಳುವಂತೆ ಪೆಟ್ಟಿಗೆಯನ್ನು ತಿರುಗಿಸಿಟ್ಟೆ. ಅಕ್ಕಿ ಒದ್ದೆಯಾದರೆ ಫ್ಯಾನಿನ ಕೆಳಗೆ ಹರವುತ್ತೇವಲ್ಲ, ಹಾಗೆ.

ಮಧ್ಯಾಹ್ನ ನಿಖಿತಾ ಬಂದು ಕೂಗಿದಳು. "ಅಮ್ಮಾ! ಇದು ಯಾಕೆ ವೆಟ್ ಉಂಟು?"

"ನೀರಿನ ಬಟ್ಟಲು ಮಗುಚಿರಬೇಕು" ಎಂದೆ.

ಹೊಟ್ಟಿನ ಬಣ್ಣವೂ ಗೇರುವಿನ ಬಣ್ಣವೂ ಅರಸಿನವನ್ನು ಮುಚ್ಚಿದ್ದವು, ಅವಳು ನಂಬಿದಳು. ನನ್ನ ಮಾತನ್ನು ಅವಳು ಯಾವಾಗಲೂ ನಂಬುತ್ತಿದ್ದಳು. ಹೊಟ್ಟು ಬದಲಿಸಿ, ಗಾಜು ಒರೆಸಿ, ಪೆಟ್ಟಿಗೆಯನ್ನು ಮೊದಲಿನ ಜಾಗಕ್ಕೆ ಸರಿಸಿದಳು.

ಹತ್ತು ದಿನ ಕಳೆಯುವುದರೊಳಗೆ ಗೇರುವಿನ ಬಣ್ಣ ಮಂಕಾಯಿತು. ಪೊರೆ ಬಿಡುವ ಮುಂಚೆ ಹೀಗಾಗುವುದು ಸಹಜ ಎಂದಳು ನಿಖಿತಾ. ಪೊರೆ ಬಿಟ್ಟಿತು ನಿಜ, ಆದರೆ ಒಂದೇ ಉದ್ದಕ್ಕಲ್ಲ, ಚೂರು ಚೂರಾಗಿ, ಹಳೆ ಗೋಡೆಯ ಸುಣ್ಣ ಎದ್ದಂತೆ. ಕಣ್ಣಿನ ಮೇಲಿನದು ಬಿಡಲೇ ಇಲ್ಲ. ಇಲಿ ಕೊಟ್ಟರೆ ತಿರುಗಿ ನೋಡಲಿಲ್ಲ. ಮತ್ತೆರಡು ದಿನಕ್ಕೆ ತಲೆಯನ್ನು ಮೇಲೆತ್ತಿ ಬಾಯಿ ತೆರೆದೇ ಕೂರತೊಡಗಿತು. ಹತ್ತಿರ ಕಿವಿಯಿಟ್ಟರೆ ಸಣ್ಣಗೆ ಗೊರಗೊರ. ಮೂಗಿನ ತುದಿಯಲ್ಲಿ ಒಂದು ನೊರೆಗುಳ್ಳೆ.

"It's dying, ಅಮ್ಮ" ಎಂದಳು ನಿಖಿತಾ. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾಗ ಕೊಟ್ಟ ಮಗಳು, ಆ ಮಗಳ ಹಾವನ್ನು ನಾನೇ ಕೊಲ್ಲುತ್ತಿದ್ದೇನೋ ಏನೋ. ಯಾರಲ್ಲಿ ಹೇಳಲಿ? ದುಬೈಯ ಎರಡು ಕ್ಲಿನಿಕ್ಕಿಗೆ ಫೋನು ಮಾಡಿದೆವು. ಒಂದು ಕಡೆ ನಾಯಿ ಬೆಕ್ಕು ಮಾತ್ರ, ಹಾವು ಮಾಫಿ, ಅಂದರೆ ಇಲ್ಲ. ಇನ್ನೊಂದು ಕಡೆಯ ಹುಡುಗಿ ಪಾಪ, ಹುಡುಕಿ ಒಂದು ನಂಬರು ಕೊಟ್ಟಳು. ಅಲ್ ಐನಿನಲ್ಲಿ ಒಂಟೆಗಳಿಗೆ ಮದ್ದು ಮಾಡುವ ಡಾಕ್ಟರಂತೆ, ಹಾವನ್ನೂ ನೋಡುತ್ತಾರಂತೆ.

ಇವರು ಅರ್ಧ ದಿನ ರಜೆ ಹಾಕಿದರು. ಗೇರುವನ್ನು ಬಟ್ಟೆ ಹಾಸಿದ ಡಬ್ಬಿಯಲ್ಲಿಟ್ಟು ನಿಖಿತಾ ಮಡಿಲಲ್ಲಿ ಹಿಡಿದುಕೊಂಡಳು. ಅದಕ್ಕೆ ತಂಡಿ ಆಗಬಾರದೆಂದು ಕಾರಿನ ಎಸಿ ಬಂದ್. ಆಗಸ್ಟಿನ ಮರಳುಗಾಡಿನಲ್ಲಿ ಒಂದೂವರೆ ಗಂಟೆ.

"ಹಾವು ಉಳಿದೀತು" ಎಂದರು ಇವರು, ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಳ್ಳುತ್ತ. "ನಾವು ಮೂವರು ಬೆಂದು ಹೋಗುತ್ತೇವೆ."

ನಿಖಿತಾ ಸ್ವಲ್ಪ ನಕ್ಕಳು. ನನಗೆ ನಗು ಬರಲಿಲ್ಲ.

ಡಾಕ್ಟರ್ ಖೈರುನ್ನಿಸ ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವರು, ತಲೆಗೆ ಬಿಳಿ ಬಟ್ಟೆ ಕಟ್ಟಿದ್ದರು. ಮೊದಲು ಇಂಗ್ಲಿಷಿನಲ್ಲೇ ಮಾತಾಡಿದರು. ಇವರು ನನ್ನ ಕಡೆ ತಿರುಗಿ ತುಳುವಿನಲ್ಲಿ ಏನೋ ಗೊಣಗಿದ್ದೇ ತಡ, ಡಾಕ್ಟರ್ ತಲೆಯೆತ್ತಿದರು.

"ಯಾವೂರು ನಿಮ್ಮದು? ನಮ್ಮದು ಮಂಜೇಶ್ವರ!"

ಮತ್ತೆ ಮಾತೆಲ್ಲ ತುಳುವಿನಲ್ಲಿ. ಗೇರುವನ್ನು ಅವರು ಎತ್ತಿಕೊಂಡ ರೀತಿ, ಅದು ಅವರ ಕೈಗೆ ಸುತ್ತಿಕೊಂಡ ರೀತಿ ನೋಡಿ ನನ್ನ ಉಸಿರು ಸ್ವಲ್ಪ ಕೆಳಗಿಳಿಯಿತು. ಬಾಯಿಯೊಳಗೆ ಬೆಳಕು ಬಿಟ್ಟು ನೋಡಿದರು. ಮೈಗೆ ಅಂಟಿದ್ದ ಪೊರೆಯ ಒಂದು ಚೂರನ್ನು ಚಿಮಟದಿಂದ ಎತ್ತಿ ಬೆಳಕಿಗೆ ಹಿಡಿದರು. ಹುಬ್ಬು ಗಂಟಿಕ್ಕಿ ಮೂಗಿನ ಹತ್ತಿರ ತಂದರು.

"ಇದಕ್ಕೆ ನೀರು ಬಿಟ್ಟು ಬೇರೆ ಏನಾದರೂ ತಾಗಿತ್ತಾ ಮಗಾ?"

"No, doctor. ಬರೀ ನೀರು" ಎಂದಳು ನಿಖಿತಾ.

ಡಾಕ್ಟರ್ ಚಿಮಟ ಕೆಳಗಿಟ್ಟು ನನ್ನನ್ನೇ ನೋಡಿದರು. ಧ್ವನಿ ತೀರ ಮೆತ್ತಗಿತ್ತು.

"ಅಕ್ಕ, ಪಂಚಮಿಗೆ ತನು ಎರೆದಿರಾ?"

ನಾನು ನೆಲ ನೋಡಿದೆ.

"ಬೈಯಲಿಕ್ಕೆ ಕೇಳಿದ್ದಲ್ಲ. ನಮ್ಮ ಜಾಗದ ಮೂಲೆಯಲ್ಲೂ ಒಂದು ನಾಗಬನ ಉಂಟು. ಅಲ್ಲಿಯ ಒಂದು ಕಡ್ಡಿ ಮುರಿಯಲಿಕ್ಕೂ ನಮ್ಮ ಅಜ್ಜ ಬಿಡುತ್ತಿರಲಿಲ್ಲ. ಪಂಚಮಿ ದಿನ ನೆರೆಮನೆಯವರು ಬಂದು ಎರೆಯುವುದನ್ನು ನೋಡಿಯೇ ನಾನು ಬೆಳೆದದ್ದು. ಪೊರೆಯಲ್ಲಿ ಅರಸಿನದ ಬಣ್ಣ ಕಂಡಿತು, ಅದಕ್ಕೆ ಕೇಳಿದೆ. ಹಾಲು ಮೂಗಿನೊಳಗೆ ಹೋಗಿದ್ದರೆ ಕೊಡುವ ಮದ್ದು ಬೇರೆ. ನನಗೆ ಗೊತ್ತಾಗಬೇಕು."

ಹೇಳಿದೆ. ಹಾಲು, ಎಳನೀರು, ಅರಸಿನ, ಎಸಿ, ಒಂದನ್ನೂ ಬಿಡಲಿಲ್ಲ. ಹೇಳುತ್ತಿದ್ದಂತೆ ಇವರು ಕಿಟಕಿಯ ಕಡೆ ತಿರುಗಿದರು. ನಿಖಿತಾ ನನ್ನನ್ನೇ ನೋಡುತ್ತಿದ್ದಳು.

"ಬಟ್ಟಲು ಮಗುಚಿತು ಅಂತ ನೀನು ಹೇಳಿದ್ದಿ" ಎಂದಳು. ಅಷ್ಟೇ.

ಡಾಕ್ಟರ್ ಕೆಲಸ ಮುಂದುವರಿಸಿದರು. ಶ್ವಾಸಕೋಶಕ್ಕೆ ಸೋಂಕಾಗಿದೆ, ಆದರೆ ತಡವಾಗಿಲ್ಲ ಎಂದರು. ಮೂರು ದಿನಕ್ಕೊಂದರಂತೆ ಏಳು ಇಂಜೆಕ್ಷನ್, ಎಸಿ ಇಲ್ಲದ ಬೆಚ್ಚಗಿನ ಜಾಗ, ಅಂಟಿದ ಪೊರೆ ನೆನೆಯಲಿಕ್ಕೆ ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ ಹಿಂಡಿದ ಬಟ್ಟೆ. ಪ್ರತಿ ಸಲ ಅಲ್ ಐನಿಗೆ ಬರಲಿಕ್ಕಾಗುವುದಿಲ್ಲ, ಮನೆಯಲ್ಲಿ ಚುಚ್ಚುವವರು ಯಾರು ಎಂದು ಕೇಳಿದರು.

"ನಾನು" ಎಂದೆ. ಮದುವೆಯಾದ ಹೊಸತರಲ್ಲಿ ಮಾವನಿಗೆ ಇನ್ಸುಲಿನ್ ಚುಚ್ಚಿದ ಕೈ ನನ್ನದು. ಹಾವನ್ನು ಮುಟ್ಟಿದ ಕೈಯಲ್ಲ, ಅದು ಬೇರೆ ಮಾತು. ಡಾಕ್ಟರ್ ನನ್ನ ಬೆರಳು ಹಿಡಿದು, ತಲೆಯಿಂದ ಒಂದು ಗೇಣಿನೊಳಗೆ, ಎರಡು ಹುರುಪೆಗಳ ನಡುವೆ ಸೂಜಿ ಹೋಗುವ ಜಾಗ ತೋರಿಸಿ, ಮೊದಲನೆಯದನ್ನು ತಾವೇ ಚುಚ್ಚಿದರು. ಗೇರುವಿನ ಮೈ ನಾನು ಹೆದರಿದಂತೆ ಲೋಳೆಯಾಗಿರಲಿಲ್ಲ. ಒಣಗಿ, ನಯವಾಗಿ, ಹೊಸ ರೇಷ್ಮೆಯ ಅಂಚಿನಂತಿತ್ತು.

ಮರುದಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಒಂದು ಚೀಟಿ ಅಂಟಿತ್ತು. ತನ್ನನ್ನು ಕೇಳದೆ ಯಾರೂ ತೆರೆಯಬಾರದು ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ಯಾರೂ ಎಂದರೆ ನಾನು.

ನಮ್ಮ ಮನೆಯಲ್ಲಿ ಎಸಿ ಇಲ್ಲದ ಜಾಗ ಅಡುಗೆಮನೆಯೊಂದೇ. ಹಾಗಾಗಿ ಗೇರು ಅಕ್ಕಿ ಡಬ್ಬಿಯ ಪಕ್ಕಕ್ಕೆ ಬಂತು. ಮೂರನೆಯ ದಿನ ಸಿರಿಂಜಿನಲ್ಲಿ ಮದ್ದು ತುಂಬಿಸಿ, ಕೈ ತೊಳೆದು, ಮಗಳ ಮುಂದೆ ನಿಂತೆ.

"ಕೇಳುತ್ತಾ ಇದ್ದೇನೆ ಮಗಾ. ಮುಚ್ಚಳ ತೆರೆಯಲಾ?"

ಅವಳು ಚೀಟಿ ನೋಡಿದಳು, ನನ್ನನ್ನು ನೋಡಿದಳು. ತಾನೇ ಮುಚ್ಚಳ ತೆಗೆದು ಗೇರುವನ್ನು ಎತ್ತಿ ಹಿಡಿದುಕೊಂಡಳು. ಡಾಕ್ಟರ್ ತೋರಿಸಿದ ಜಾಗದಲ್ಲೇ ಸೂಜಿ ಇಳಿಸಿದೆ.

"ನೋವಾಯ್ತಾ ಅದಕ್ಕೆ?" ಎಂದು ಕೇಳಿದಳು. ಮೂರು ದಿನದಲ್ಲಿ ನನ್ನೊಡನೆ ಅವಳ ಮೊದಲ ಮಾತು.

"ನಿನಗೆ ಚಿಕ್ಕಂದಿನಲ್ಲಿ ಚುಚ್ಚಿಸಿದಾಗ ಆದಷ್ಟು."

"ನಾನು ಅತ್ತಿದ್ದೆನಾ?"

"ನಾನು ಅತ್ತದ್ದು. ನೀನು ನರ್ಸಿನ ವಾಚು ಹಿಡಿದು ಎಳೆಯುತ್ತಿದ್ದಿ."

ಅವಳು ತಲೆ ತಗ್ಗಿಸಿ ನಗು ಅಡಗಿಸಿದ್ದನ್ನು ನಾನು ಕಂಡೆ.

ಮುಂದಿನ ದಿನಗಳಲ್ಲಿ ಬೆಂಡೆಕಾಯಿ ಹೆಚ್ಚುವಾಗ, ತೆಂಗಿನಕಾಯಿ ತುರಿಯುವಾಗ ಗೇರು ಗಾಜಿನಾಚೆಯಿಂದ ನೋಡುತ್ತಿತ್ತು. ಕುಕ್ಕರಿನ ಸೀಟಿಗೆ ಮೊದಮೊದಲು ತಲೆ ಎಳೆದುಕೊಳ್ಳುತ್ತಿದ್ದದ್ದು ಆಮೇಲೆ ನಾಲಗೆ ಚಾಚಿ ಸುಮ್ಮನಾಗುತ್ತಿತ್ತು. ನಾನೂ ಅದರೊಡನೆ ಮಾತಾಡುತ್ತಿದ್ದೆ. ಇವತ್ತು ಸಾರಿಗೆ ಉಪ್ಪು ಹೆಚ್ಚಾಯಿತು ಮಾರಾಯ, ಯಾರಿಗೂ ಹೇಳಬೇಡ, ಹೀಗೆಲ್ಲ. ಡಾಕ್ಟರ್ ವಾರಕ್ಕೊಮ್ಮೆ ತಾವಾಗಿಯೇ ಫೋನು ಮಾಡುತ್ತಿದ್ದರು. "ಗೊರಗೊರ ಕಮ್ಮಿ ಆಯ್ತಾ ಅಕ್ಕ? ಚುಚ್ಚುವಾಗ ನಿಮ್ಮ ಕೈ ಹೇಗುಂಟು?" ಹಾವಿನ ವಿಚಾರ ಮುಗಿದರೂ ಫೋನು ಇಡುತ್ತಿರಲಿಲ್ಲ. ಪಂಚಮಿಗೆ ಊರಿನಲ್ಲಿ ಅರಸಿನ ಎಲೆಯಲ್ಲಿ ಅಕ್ಕಿಹಿಟ್ಟು, ಕಾಯಿಬೆಲ್ಲ ಮಡಿಸಿ ಬೇಯಿಸುವ ಗಟ್ಟಿಯನ್ನು ನೆರೆಮನೆಯವರು ಗಡಿಯ ಅಗಳಿನ ಮೇಲಿಂದ ದಾಟಿಸುತ್ತಿದ್ದರಂತೆ. ತಿಂದು ಹನ್ನೊಂದು ವರ್ಷವಾಯಿತು ಎಂದರು.

ಐದನೆಯ ಇಂಜೆಕ್ಷನ್ನಿನ ಹೊತ್ತಿಗೆ ಗೇರು ಬಾಯಿ ಮುಚ್ಚಿ ಮಲಗತೊಡಗಿತು. ಏಳೂ ಮುಗಿದ ಮೇಲೆ ಒಂದು ಇಲಿ ನುಂಗಿತು. ಆ ದಿನ ಇವರು ಆಫೀಸಿನಿಂದ ಮೂರು ಸಲ ಫೋನು ಮಾಡಿ, "ಹೊಟ್ಟೆಯಲ್ಲೇ ಉಂಟಲ್ಲ? ಕಕ್ಕಲಿಲ್ಲವಲ್ಲ?" ಎಂದು ಕೇಳಿದರು. ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಚಹಾಕ್ಕಿಡಲು ಹೋದವಳು ಪೆಟ್ಟಿಗೆಯೊಳಗೆ ಪೊರೆ ಬಿದ್ದದ್ದನ್ನು ಕಂಡೆ. ಮೂತಿಯಿಂದ ಬಾಲದವರೆಗೆ ಒಂದೇ ಉದ್ದಕ್ಕೆ, ಕಣ್ಣಿನ ಎರಡು ಪುಟ್ಟ ಬಟ್ಟಲುಗಳೂ ಸೇರಿ. ಪಕ್ಕದಲ್ಲಿ ಗೇರು, ಈಗ ತಾನೇ ಕೊಯ್ದ ಹಣ್ಣಿನಂತೆ.

ಮುಚ್ಚಳ ಮುಟ್ಟದೆ ಹೋಗಿ ನಿಖಿತಾಳನ್ನು ಎಬ್ಬಿಸಿದೆ. ಇಬ್ಬರೂ ನಿಂತು ನೋಡಿದೆವು. ಅವಳು ತಲೆಯನ್ನು ನನ್ನ ಭುಜಕ್ಕೆ ಒರಗಿಸಿದಳು. ಚಹಾ ಉಕ್ಕಿ ಒಲೆಯ ಮೇಲೆ ಹರಿಯಿತು, ಹರಿಯಲಿ ಎಂದು ಬಿಟ್ಟೆ.

ಮರುವರ್ಷದ ಪಂಚಮಿಗೆ ಕೆಳಗಿನ ಗ್ರಾಸರಿಯ ಕುಂಞಾಲಿಗೆ ಒಂದು ತಿಂಗಳು ಮುಂಚೆಯೇ ಹೇಳಿಟ್ಟಿದ್ದೆ. ಕೇರಳದಿಂದ ಬರುವ ತರಕಾರಿಯ ಜೊತೆ ಅವನು ಒಂದು ಕಟ್ಟು ಅರಸಿನ ಎಲೆ ತರಿಸಿಕೊಟ್ಟ. ಬೆಳಿಗ್ಗೆ ಎದ್ದು ಮಿಂದು ಗಟ್ಟಿ ಮಡಿಸಿ ಬೇಯಲಿಟ್ಟೆ. ಮನೆಯೆಲ್ಲ ಆ ಘಮ. ಗೇರುವಿನ ಪೆಟ್ಟಿಗೆಯ ಮುಂದೆ ದೂರದಿಂದಲೇ ಕೈಮುಗಿದು ನಿಂತಿದ್ದೆ.

ಹಿಂದಿನಿಂದ ನಿಖಿತಾ ಬಂದಳು. ಕೈಯಲ್ಲಿ ಪೆಟ್ಟಿಗೆಗೆ ಹನಿ ಚಿಮುಕಿಸುವ ಅವಳ ಸ್ಪ್ರೇ ಬಾಟಲಿ.

"ತಗೊ. ಬರೀ ನೀರು, ಹೆಚ್ಚು ತಣ್ಣಗೂ ಇಲ್ಲ. ಇದರಲ್ಲಿ ತನು ಎರೆಯಬಹುದು, ಅದಕ್ಕೂ ಇಷ್ಟ ಆಗ್ತದೆ."

"ಕೇಳದೆ ತೆರೆಯಬಾರದು ಅಂತ ಉಂಟಲ್ಲ?"

"ನಾನೇ ಹೇಳ್ತಾ ಇದ್ದೇನಲ್ಲ ಅಮ್ಮ. ಯಲ್ಲಾ, ಬೇಗ."

ಅವಳು ಮುಚ್ಚಳ ತೆಗೆದಳು. ನನ್ನ ಕೈಯಾರೆ, ಮೂರು ಸಲ ಮೆಲ್ಲಗೆ ಒತ್ತಿದೆ. ಗೇರುವಿನ ಬೆನ್ನ ಮೇಲೆ ಸಣ್ಣ ಸಣ್ಣ ಹನಿಗಳು ನಿಂತವು. ಅದು ಗಾಜಿನ ಹತ್ತಿರ ಸರಿದು, ಅಲ್ಲಿ ಇಳಿಯುತ್ತಿದ್ದ ಒಂದು ಹನಿಗೆ ಬಾಯಿಯಿಟ್ಟು ಕುಡಿಯಿತು.

ಒಲೆ ಆರಿಸಿ, ಗಟ್ಟಿಯನ್ನು ಎಲೆ ಬಿಚ್ಚದೆ ಹಾಗೆಯೇ ಸ್ಟೀಲಿನ ಡಬ್ಬಿಗೆ ತುಂಬಿಸಿದೆ. ಅಲ್ ಐನಿಗೆ, ಡಾಕ್ಟರರ ಮನೆಗೆ ಹೊರಡಲು ಇವರು ಕೆಳಗೆ ಕಾರು ತಂದು ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದರು.